ಎರಡು ಡಾಲರ್ ಚೀಟಿ

ಜೀಲಾಂಗಿನ ಹಳೆಸಾಮಾನಿನ ಅಂಗಡಿಯಲ್ಲಿ
ಗುರುವಾರ ನನ್ನ ಪಾಳಿ. ಸಂಬಳವಿಲ್ಲ, ಚಹಾ ಉಂಟು.
ಕಿವಿ ಮುರಿದ ಬಟ್ಟಲು, ಯಾರದೋ ಮದುವೆಯ ಕೋಟು,
ಹಿಂದಿನ ಚಕ್ರವಿಲ್ಲದ ಆಟದ ರೈಲು,
ಎಲ್ಲಕ್ಕೂ ಬೆಲೆ ಕಟ್ಟುವುದು ನನ್ನ ಕೆಲಸ.
ಬೆಲೆ ತೋಚದಿದ್ದರೆ ಎರಡು ಡಾಲರ್.

ಮಾರ್ಚಿಯಲ್ಲಿ ಬಂದವು ನಾಲ್ಕು ಪೆಟ್ಟಿಗೆ ರೆಕಾರ್ಡು.
ಸೇಬಿನ ಪೆಟ್ಟಿಗೆಗಳು; ಮುಚ್ಚಳ ತೆಗೆದರೆ
ಹಳೇ ರಟ್ಟಿನ, ಪೈಪಿನ ಹೊಗೆಯ ಘಾಟು.
ರೀಗಾದ ಮೂವರು, ಕ್ರಾಕೋವಿನ ನಾಲ್ವರು,
ಓಸ್ಲೋದ ಹೆಣ್ಣೊಬ್ಬಳು, ಜೊತೆಗೆ ಬರೀ ಒಂದು ಡಬಲ್ ಬಾಸ್.
ಆಳೆತ್ತರದ ಆ ವಾದ್ಯಕ್ಕೆ ಒರಗಿ ನಿಂತವನ ಮುಖ
ಬಾಡಿಗೆ ಮನೆ ಬದಲಿಸುವಾಗ ಕಪಾಟು ಹೊತ್ತವನ ಮುಖ.
ಹೊದಿಕೆಯ ಮೇಲೆ ಹಿಮ, ಖಾಲಿ ಕುರ್ಚಿ, ಮತ್ತೆ ಹಿಮ.
ಹೆಸರುಗಳಲ್ಲಿ ಅಕ್ಷರದ ತಲೆಗೆ ಚುಕ್ಕೆ, ಹೊಟ್ಟೆಗೆ ಗೀರು,
ನಮ್ಮ ಒತ್ತು ದೀರ್ಘಗಳ ದೂರದ ನೆಂಟರು.

“ಜಾಸ್, ಅದೂ ಯೂರೋಪಿನದು. ಯಾರು ಕೊಳ್ಳುತ್ತಾರೆ?”
ಮ್ಯಾನೇಜರ್ ಡೆನೀಸ್ ಮೂಗು ಮುರಿದಳು.
ಎರಡು ಡಾಲರ್ ಅಂಟಿಸಿದೆ, ಎಲ್ಲಕ್ಕೂ.

ಮುಂದಿನ ಗುರುವಾರ ಒಬ್ಬ ಮುದುಕಿ, ಹಸಿರು ಮಳೆಕೋಟು,
ಒಂದನ್ನು ಆರಿಸಿ ನಾಣ್ಯ ಎಣಿಸಿ ಕೊಟ್ಟಳು.
ಅದರ ಮುಂದಿನ ಗುರುವಾರವೂ. ಒಂದೇ.
ಮೂರನೆಯ ಸಲ ಹೇಳಿದಳು: “ಇವು ನನ್ನವೇ.
ನನ್ನ ಇಮಾಂತ್ಸನವು. ನಾನೇ ತಂದು ಸುರಿದದ್ದು.”

ನಾನು ಸಾವಿನ ಮನೆಯ ಮುಖ ಮಾಡಿದೆ.
ಅವಳು ಕೈ ಬೀಸಿದಳು, ನೊಣ ಓಡಿಸುವಂತೆ.
“ನಲವತ್ತಾರು ವರ್ಷ ಇವುಗಳ ಜೊತೆ ಬಾಳಿದೆ,
ಒಂದನ್ನೂ ಕೇಳಲಿಲ್ಲ. ಅವನು ಬಿಡಬೇಕಲ್ಲ!
ಸೂಜಿ ಇಳಿದರೆ ಸಾಕು, ಅವನದೂ ಶುರು:
ಈಗ ನೋಡು, ಪಿಯಾನೋ ಸುಮ್ಮನಾಗುತ್ತೆ,
ಈಗ ನೋಡು, ಬಾಸ್ ಒಂಟಿಯಾಗಿ ನಡೆಯುತ್ತೆ,
ಮೌನ ಕೇಳು ವೆಲ್ತಾ, ಆ ಮೌನ ಕೇಳು...
ಆ ಮೌನದ ತುಂಬ ಅವನೇ.”

ಹಾಗಾದರೆ ಎಲ್ಲ ಒಯ್ಯಿರಿ, ದುಡ್ಡು ಬೇಡ, ಎಂದೆ.
“ಉಹೂಂ. ಪುಕ್ಕಟೆ ಸಿಕ್ಕಿದ್ದಕ್ಕೆ ಕಿವಿ ಕೊಡುವವಳಲ್ಲ ನಾನು.
ಕೊಟ್ಟು ಸಾಕಾಗಿದೆ.”

ಆಮೇಲೆ ಪೆಟ್ಟಿಗೆಗಳನ್ನು ಹಿಂದಕ್ಕೆ ಸರಿಸಿದೆ,
ಸೊಟ್ಟ ಬಾಣಲೆಗಳ ಮರೆಗೆ. ನಿಯಮ ಮೀರಿಯೇ.
ಕೊಲ್ಲಿಯ ಗಾಳಿಗೆ ಹೆದರಿ ಗಿರಾಕಿ ಬಾರದ ಮಧ್ಯಾಹ್ನ
ಓಸ್ಲೋದವಳನ್ನು ಅಂಗಡಿಯ ಪ್ಲೇಯರಿಗೆ ಹಾಕಿದೆ.
ಸಮ ಎಲ್ಲಿ ಬೀಳುತ್ತೆಂದು ತೊಡೆ ತಟ್ಟಿ ಹುಡುಕಿದೆ;
ಸಿಕ್ಕಿತು ಅನ್ನುವಷ್ಟರಲ್ಲಿ ಅದು ಬಾಗಿಲಾಚೆ.
ಅವಳ ಹಾಡಿಗೆ ಮಾತೇ ಇರಲಿಲ್ಲ. ಕುದಿಯುವ ಮೊದಲು
ಪಾತ್ರೆಯ ತಳದಲ್ಲಿ ನೀರು ಏನೋ ಅನ್ನುತ್ತದಲ್ಲ, ಅಷ್ಟೇ.
ಕೆಳಗೆ ಆ ಬಾಸು: ಕತ್ತಲ ಕೋಣೆಯಲ್ಲಿ ಯಾರೋ
ಕಾಲಲ್ಲೇ ಚಪ್ಪಲಿ ಹುಡುಕುತ್ತಿರುವಂತೆ.

ನಾನಿಲ್ಲದ ಒಂದು ಬುಧವಾರ
ಡೆನೀಸ್ ಅದನ್ನು ಒಬ್ಬ ಹುಡುಗನಿಗೆ ಮಾರಿಬಿಟ್ಟಳು.
ಗಡಿಯಾರ ಮಾಡುತ್ತಾನಂತೆ. ನಡುವೆ ತೂತು ಇದೆಯಲ್ಲ.

“ಯಾವುದು ಹೋಯಿತು?” ವೆಲ್ತಾ ಕೇಳಿದಳು.
ಹೆಸರು ಹೇಳಲು ಹೋಗಿ ಆ ಚುಕ್ಕೆ ಗೀರುಗಳಲ್ಲಿ ಎಡವಿದೆ.
ಬೇರೆ ದಾರಿ ಕಾಣದೆ ಗುನುಗಿದೆ,
ಬಾಸು ನಡೆದಂತೆ: ಐದು ಹೆಜ್ಜೆ, ಒಂದು ತಡೆ, ಅರ್ಧ ಹಿಂದಕ್ಕೆ.
ಅವಳ ಬೆರಳು ಮೇಲೆದ್ದಿತು.
“ತಪ್ಪು. ಅಲ್ಲಿ ನಿಲ್ಲುವುದಿಲ್ಲ ಅದು.”
ತಾನೇ ಮುಂದುವರಿಸಿದಳು, ಒಡಕು ದನಿಯಲ್ಲಿ,
ಅವಳದನ್ನೂ ಬಾಸಿನದನ್ನೂ ಕಲಸಿ,
ತಲೆಯಾಡಿಸುತ್ತ ನನ್ನ ತೋಳು ಹಿಡಿದು,
“ಈಗ ನೋಡು,” ಎಂದಳು, “ಈಗ—”

ತಟ್ಟನೆ ತನ್ನ ಬಾಯಿಗೆ ತಾನೇ ಕೈ ಅಡ್ಡ ಇಟ್ಟಳು.

ನಲ್ಲಿ ತೊಟ್ಟಿಕ್ಕಿತು. ಕೋಟುಗಳ ಹ್ಯಾಂಗರ್ ಸಣ್ಣಗೆ ಅಲುಗಿತು.
ನಾವಿಬ್ಬರೂ ಕದಲಲಿಲ್ಲ.

“ಈ ಸೂಪಿನ ಬಟ್ಟಲು ಎಷ್ಟು?” ಹಿಂದಿನಿಂದ ಯಾರೋ.
ಬಾಯಿಂದ ಕೈ ತೆಗೆಯದೆ
ವೆಲ್ತಾ ಎರಡು ಬೆರಳು ತೋರಿಸಿದಳು.